ಒಲ್ಲೆ ಅನ್ನದ ಕಂಪ್ಯೂಟರ್

ಸುರಪುರದ ಕಾಲುವೆ ಕಚೇರಿಯ ಅಮರಪ್ಪ ಸಾಹೇಬರಿಗೆ ಆ ದಿನ ಬೆಳಿಗ್ಗೆ ಶಹಾಪುರ ಕಚೇರಿಯ ನೀರಿನ ಲೆಕ್ಕದ ಕಂಪ್ಯೂಟರು ಮುಖಕ್ಕೆ ಹೊಡೆದ ಹಾಗೆ 'ನಿರಾಕರಿಸಲಾಗಿದೆ' ಎಂದುಬಿಟ್ಟಿತು. ಬೇರೆ ಯಾರಿಗೆ ಹಾಗೆಂದಿದ್ದರೂ ನಡೆಯುತ್ತಿತ್ತು. ಆದರೆ ಆ ಕಂಪ್ಯೂಟರನ್ನು ನೋಡಿಕೊಳ್ಳುವ ಯಂಕಣ್ಣ ಹಿಂದಿನ ವಾರವಷ್ಟೇ ಕೊಡೇಕಲ್ಲಿಗೆ ಹೋಗಿ, ಅಮರಪ್ಪನವರ ಅಕ್ಕನ ಮಗಳು ದೇವಕಮ್ಮನನ್ನು ನೋಡಿ, ಉಪ್ಪಿಟ್ಟು ತಿಂದು, ಮನಸ್ಸನ್ನು ಅಲ್ಲೇ ಬಿಟ್ಟು ಬಂದಿದ್ದ. ಹುಡುಗಿಯ ಮನೆಯ ಜವಾಬು ಬರಬೇಕಾದದ್ದು ಇದೇ ದಿನ. ಸೋದರಮಾವನನ್ನು ಕೇಳದೆ ಆ ಮನೆಯಲ್ಲಿ ಒಲೆಯನ್ನೂ ಹಚ್ಚುತ್ತಿರಲಿಲ್ಲ.

ಯಂಕಣ್ಣನಿಗೆ ಒಲ್ಲೆ ಎನ್ನಿಸಿಕೊಳ್ಳುವುದು ಹೊಸದೇನಲ್ಲ. ಈವರೆಗೆ ನೋಡಿದ ಕನ್ಯೆಯರ ಮನೆಯವರೆಲ್ಲ ಅವನು ವಾಪಸು ಬಸ್ಸು ಹತ್ತುವ ಮೊದಲೇ ಒಲ್ಲೆ ಎಂದಿದ್ದರು. ಹಾಗಾಗಿ ಈ ಸಲ ಅವನ ಜೀವವೆಲ್ಲ ಕೊಡೇಕಲ್ಲಿನ ಮೇಲಿತ್ತು.

"ಏನಪಾ ಯಂಕಣ್ಣ, ನೀರಿನ ಲೆಕ್ಕ ಕೇಳಾಕ ಬಂದ್ರ ನಿನ್ನ ಮಷೀನು ನಮ್ಮ ಮುಖದ ಮ್ಯಾಲ ಬಾಗಲಾ ಹಾಕ್ತದ? ಸ್ಟಾಫಿನ ಮುಂದ ನನ್ನ ಬೇಇಜ್ಜತಿ ಆತು!" ಎಂದು ಅಮರಪ್ಪ ಫೋನಿನಲ್ಲಿ ಗುಡುಗಿದರು.

"ಸಾಹೇಬ್ರ, ನಮ್ಮ ಕಂಪ್ಯೂಟರಿನ ಹಳೀ ಕಿಂಡಿ, ಅಂದ್ರ ಪೋರ್ಟು, ಬಂದ್ ಮಾಡೀವ್ರಿ. ನಿಮ್ಮ ಕಂಪ್ಯೂಟರಿನ್ಯಾಗ ಹೊಸಾ ಕಿಂಡೀ ನಂಬರ್ ಹಾಕಿದ್ರ ಆತ್ರಿ."

"ಸೊಕ್ಕು ನಿನ್ನ ಮಷೀನಿಂದು, ತಿದ್ದಿಕೊಳ್ಳೋರು ನಾವಾ?"

ಯಂಕಣ್ಣನ ಪಕ್ಕದಲ್ಲಿ ಕಿವಿ ನಿಮಿರಿಸಿ ನಿಂತಿದ್ದ ಜವಾನ ಅಮೀನುದ್ದೀನ ಸುದ್ದಿಯನ್ನು ಕಚೇರಿಗೆಲ್ಲ ಮುಟ್ಟಿಸಿದ. ದೊಡ್ಡ ಸಾಹೇಬ ಚಂದ್ರಾಮಪ್ಪ ಓಡಿ ಬಂದರು.

"ಲೇ ಯಂಕಣ್ಣ, ಹುಡುಗಿ ಮಾವಗ ಯಾರರ ಒಲ್ಲೆ ಅಂತಾರೇನೋ? ಮೊದಲ ಅದರ ಬಾಯಿ ಮುಚ್ಚಸು!"

ಬಾಯಿ ಮುಚ್ಚಿಸುವ ಉಪಾಯ ಯಂಕಣ್ಣನಿಗೆ ಗೊತ್ತಿತ್ತು. ಮುಚ್ಚಿದ ಕಿಂಡಿಯನ್ನು ಯಾರಾದರೂ ತಟ್ಟಿದರೆ ಇಲ್ಲವೆಂದು ಹೇಳಿ ಕಳಿಸಬೇಕೋ, ಸದ್ದಿಲ್ಲದೆ ಕೂತಿರಬೇಕೋ ಎಂದು ಗೊತ್ತುಮಾಡುವ ಸೆಟ್ಟಿಂಗೊಂದು ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯಲ್ಲಿತ್ತು. ಅಲ್ಲಿದ್ದ ಸೊನ್ನೆಯನ್ನು ಅಳಿಸಿ ಒಂದು ಮಾಡಿದ. ಕಂಪ್ಯೂಟರು ಹೊಸ ಸೊಸೆಯಂತೆ ಮೌನವಾಯಿತು.

"ಈಗ ನೋಡ್ರಿ ಸಾಹೇಬ್ರ. ಒಳಗ ಬಿಡಂಗಿಲ್ಲ, ಆದ್ರ ಒಲ್ಲೆ ಅಂತ ಬಾಯಿಬಿಟ್ಟೂ ಹೇಳಂಗಿಲ್ಲ," ಎಂದು ಅಮರಪ್ಪನವರಿಗೆ ಫೋನಿನಲ್ಲಿ ಹೇಳಿದ.

ಸುರಪುರದ ಪರದೆಯ ಮೇಲೆ ಮರಳಿನ ಗಡಿಯಾರ ತಿರುಗತೊಡಗಿತು. ಅಮರಪ್ಪ ಅದನ್ನೇ ನೋಡುತ್ತ ಚಹಾ ಕುಡಿದರು. "ಆಹಾ, ಇದಕ್ಕ ಮರ್ಯಾದಿ ಅಂತಾರ ನೋಡು. ಭಾಳ ಶಾಣ್ಯಾ ಅದಿ ತಮ್ಮಾ!" ಎಂದರು. ತಮ್ಮಾ ಎಂದ ಆ ಒಂದು ಮಾತಿಗೆ ಯಂಕಣ್ಣ ಮನಸ್ಸಿನಲ್ಲೇ ಬಾಸಿಂಗ ಕಟ್ಟಿಕೊಂಡ.

ಮಧ್ಯಾಹ್ನ, ಲೆಕ್ಕ ನೋಡಿ ಕಾಲುವೆಯ ಗೇಟು ಎತ್ತಿ ಇಳಿಸುವ ಸೆಕ್ಷನ್ ಕಚೇರಿಯ ಲಾಲಪ್ಪನ ಫೋನು ಬಂತು. "ಅಣ್ಣಾ, ಗೇಟ್ ಇಳಸಬೇಕೋ ಬ್ಯಾಡೋ? ನೀರು ಕಚೇರಿ ಒಳಗ ಬಂದಾವ. ನಾ ಟೇಬಲ್ ಮ್ಯಾಲ ಕುಂತೀನಿ."

"ಮೊದಲೇ ಫೋನ್ ಮಾಡಾಕ ಏನಾಗಿತ್ತೋ?"

"ನಿನ್ನ ಮಷೀನು ದಿನಾ ಒಲ್ಲೆ ಅಂತಿತ್ತು, ಫೋನ್ ಮಾಡಿ ಕೇಳ್ತಿದ್ದೆ. ಇವತ್ತು ವಿಚಾರ ಮಾಡಾಕತ್ತಿತ್ತಲ್ಲ, ನಡುವ ಬಾಯಿ ಹಾಕಬಾರದು ಅಂತ ಕುಂತೆ."

ಚಂದ್ರಾಮಪ್ಪನವರು ಯಂಕಣ್ಣನಿಗೆ ಮೈಮೇಲೆ ಬೆವರಿಳಿಯುವಂತೆ ಬೈದರು. ಬೈದು ತಮ್ಮ ಕೋಣೆಗೆ ಹೋಗಿ ನೋಡಿದರೆ ಅವರ ಕಂಪ್ಯೂಟರೂ ಹಳೇ ಕಿಂಡಿಯನ್ನೇ ತಟ್ಟುತ್ತ ಕೂತಿತ್ತು. ನೀರಿನ ಲೆಕ್ಕ ಇನ್ನೇನು ಬಂತೆಂದು ಬೆಳಿಗ್ಗೆಯಿಂದ ಅವರು ಊಟಕ್ಕೂ ಏಳದೆ ಕಾದಿದ್ದರು. "ಮೊದಲಿನಂಗ ಮಾಡೋ!" ಎಂದು ಚೀರಿದರು.

"ಸಂಜಿತನಾ ತಡೀರಿ ಸಾಹೇಬ್ರ. ಕೊಡೇಕಲ್ಲಿಂದ ಜವಾಬು ಬರ್ಲಿ," ಎಂದು ಯಂಕಣ್ಣ ಗೋಗರೆದ. ಕಾಲು ಹಿಡಿಯುವುದೊಂದು ಬಾಕಿ. ಸಾಹೇಬರ ಮನಸ್ಸು ಕರಗಿತು.

ಸಂಜೆಯಾಯಿತು. ಜವಾಬು ಬರಲಿಲ್ಲ. ಯಂಕಣ್ಣ ತಾನೇ ಕೊಡೇಕಲ್ಲಿಗೆ ಫೋನು ಮಾಡಿದ. ಗಂಟೆ ಬಡಿದೇ ಬಡಿಯಿತು, ಯಾರೂ ಎತ್ತಲಿಲ್ಲ.

"ಭಾಯಿ, ನಿನಗ ಇಷ್ಟೊತ್ತಾದ್ರೂ ಒಲ್ಲೆ ಅನ್ನಲಾರದ ಮನಿ ಇದೊಂದೇ!" ಎಂದು ಅಮೀನುದ್ದೀನ ಲೆಕ್ಕ ಹಾಕಿದ. "ಒಳಗ ಮುಹೂರ್ತ ನೋಡಾಕತ್ತಾರ. ಮಿಠಾಯಿ ತರಸು!"

ಲೆಕ್ಕ ಎಲ್ಲರಿಗೂ ಸರಿಯೆನ್ನಿಸಿತು. ಯಂಕಣ್ಣನ ಜೇಬಿನಿಂದ ಜಿಲೇಬಿ ಬಂತು, ಹಿಂದೆಯೇ ಮಿರ್ಚಿ ಭಜಿಯೂ ಬಂತು. ಚಂದ್ರಾಮಪ್ಪನವರು ಸಿಟ್ಟು ಮರೆತು ಎರಡು ಸಲ ಕೈಚಾಚಿದರು. ಅದೇ ಹೊತ್ತಿಗೆ ಸುರಪುರ ಕಚೇರಿಯ ಗುಮಾಸ್ತೆ ರೇಣಮ್ಮನ ಫೋನು ಬಂತು. ಅವಳ ದನಿ ಕೆಳಗಿತ್ತು.

"ಯಂಕಣ್ಣಾ, ನನ್ನ ಹೆಸರು ಎಲ್ಲೂ ಹೇಳಬ್ಯಾಡ. ನೀ ಬ್ಯಾಡ ಅಂತ ಕೊಡೇಕಲ್ಲಿನವರು ನಿನ್ನಿ ದಿನಾನೇ ಮಾತಾಡಿ ಮುಗಿಸ್ಯಾರ. ಇವತ್ತು ನಿನಗ ಹೇಳೋರಿದ್ರು. ಮುಂಜಾನಿ ನಮ್ಮ ಸಾಹೇಬ್ರು ಅವರ ಅಕ್ಕಗ ಫೋನ್ ಹಚ್ಚಿ, 'ಒಲ್ಲೆ ಅಂತ ಬಾಯಿಬಿಟ್ಟು ಯಾಕ ಹೇಳ್ತೀರಿ, ಹುಡುಗ ಮರ್ಯಾದಸ್ಥ ಅದಾನ, ಅವನ ಫೋನ್ ಎತ್ತಬ್ಯಾಡ್ರಿ ಸಾಕು, ಇದು ಅವನೇ ಕಲಿಸಿದ ಪದ್ಧತಿ' ಅಂದ್ರು."

ಯಂಕಣ್ಣನ ಬಾಯಲ್ಲಿದ್ದ ಜಿಲೇಬಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅವನಿಗೆ ಅಳು ಬಂತು. ಎದ್ದು ಹೋಗಿ ಕಂಪ್ಯೂಟರಿನಲ್ಲಿದ್ದ ಒಂದನ್ನು ಮತ್ತೆ ಸೊನ್ನೆ ಮಾಡಿದ. ಅಷ್ಟರಲ್ಲಿ ಹತ್ತಿಕುಣಿಯಿಂದ ಅವ್ವ ಹಂಪಮ್ಮನ ಫೋನು ಬಂತು. ಅವಳಂತೂ ಭಾರೀ ಖುಷಿಯಲ್ಲಿದ್ದಳು.

"ಯಂಕ್ಯಾ, ಇವತ್ತು ದೋರನಹಳ್ಳಿಯವರು ಬಂದಿದ್ರೋ. ಹುಡುಗಿ ನಿನ್ನ ಬಸ್ಸಿನ್ಯಾಗ ನೋಡ್ಯಾಳಂತ, ಒಪ್ಪಿಗಿ ಅದ ಅಂತ. ನಾಳೆನೇ ಮಾತುಕತಿ ಮುಗಸೋಣ ಅಂದ್ರು!"

"ಅವ್ವಾ! ಹೂಂ ಅಂದೇನು?"

"ಹುಚ್ಚ! ಕೊಡೇಕಲ್ಲಿನವರು ಇನ್ನಾ ಒಲ್ಲೆ ಅಂದಿಲ್ಲಲ್ಲ, ಅವರನ್ನ ಬಿಟ್ಟು ಇನ್ನೊಂದು ಕನ್ಯಾ ನೋಡಿದ್ರ ಮಂದಿ ಏನಂದಾರು? ಅದಕ್ಕ ಹೊಸ್ತಿಲದಾಗೇ ನಿಂತು, ನಾವು ಒಲ್ಲೆವ್ರಿ ಅಂತ ಖಡಕ್ಕಾಗಿ ಹೇಳಿ ಕಳಿಸೀನಿ."