ಲೇಖನ ಸರಿ, ಊರೇ ತಪ್ಪು!

"ಗೈಡೂ ಬೇಡ, ನಕ್ಷೆಯೂ ಬೇಡ, ಅವರಿವರ ಹತ್ರ ದಾರಿ ಕೇಳೋ ಗ್ರಹಚಾರವೂ ಬೇಡ! ನನ್ನ ಲೇಖನ ಒಂದಿದ್ರೆ ಸಾಕು, ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ಹಳೇ ನಗರ ಸುತ್ತಿ ಬರ್ತೀನಿ!"

ಊಟದ ಮೇಜು ಗುದ್ದಿ ಹೀಗೆ ಗುಡುಗಿದವರು ಲೋಕಸಂಚಾರಿಯವರು. ಅದು ವಾರಪತ್ರಿಕೆಯಲ್ಲಿ ಅವರು ಬರೆಯುವ ಹೆಸರು. ಹೆಸರೇನೋ ದೊಡ್ಡದೇ. ಸಂಚಾರ ಮಾತ್ರ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಗದಿದ್ದರೆ ಹೊಟ್ಟೆ ತೊಳಸುವ ಆಸಾಮಿ! ಆದರೂ ಎಲೆ ಉದುರುವ ಕಾಲ ಬಂತೆಂದರೆ ಸಾಕು, ವಿಶೇಷ ಸಂಚಿಕೆಯಲ್ಲಿ ಅವರ ಲೇಖನ ಹಾಜರು: 'ಶರತ್ಕಾಲದ ಹಳೇ ನಗರ, ನೋಡಲೇಬೇಕಾದ ಏಳು ಜಾಗಗಳು'. ಹತ್ತೊಂಬತ್ತು ವರ್ಷಗಳಿಂದ ಒಮ್ಮೆಯೂ ತಪ್ಪಿದ್ದಿಲ್ಲ. ಮೊದಲ ವರ್ಷ ಒಂದು ಹಳೇ ಕ್ಯಾಲೆಂಡರು, ರಟ್ಟು ಕಿತ್ತುಹೋದ ಒಂದು ಗ್ರಂಥಾಲಯದ ಪುಸ್ತಕ, ಇವೆರಡನ್ನು ಮುಂದಿಟ್ಟುಕೊಂಡು ಬರೆದದ್ದು. ಆಮೇಲೆಲ್ಲ ವಿಶೇಷಣ ಬದಲಾಯಿಸುವುದಷ್ಟೇ ಕೆಲಸ. ಒಂದು ವರ್ಷ 'ಹೊಂಬಣ್ಣದ ಎಲೆಗಳು', ಮರುವರ್ಷ 'ಸುವರ್ಣ ಪರ್ಣಗಳು', ಅದರ ಮರುವರ್ಷ 'ಬಂಗಾರವನ್ನೇ ನಾಚಿಸುವ ಎಲೆಗಳು'. ಊರನ್ನು ಮಾತ್ರ ಕಣ್ಣಿಂದ ಕಂಡವರಲ್ಲ. ಕಾಣುವುದಾದರೂ ಹೇಗೆ? ಶರತ್ಕಾಲ ಬಂದಾಗಲೆಲ್ಲ ಅವರು ಶರತ್ಕಾಲದ ಬಗ್ಗೆ ಬರೆಯುತ್ತ ಕೂತಿರುತ್ತಾರೆ!

ಅವರ ಕೈಬರಹವೋ, ಬರೆದವರಿಗೇ ಮರುದಿನ ಓದಲು ಬಾರದು. ಅದಕ್ಕೇ ಹತ್ತೊಂಬತ್ತು ವರ್ಷವೂ ಆ ಲೇಖನವನ್ನು ದುಂಡಗೆ ನಕಲು ಮಾಡಿಕೊಟ್ಟವರು ಅವರ ಹೆಂಡತಿ. ಮಾಡಿ ಮಾಡಿ ಅದರ ಕೊನೆಯ ಸಾಲು ಆಕೆಗೆ ಬಾಯಿಪಾಠ: 'ಚೌಕದ ಮಹಾವೃಕ್ಷದ ಕೆಳಗೆ, ಉದುರುವ ಎಲೆಗಳ ನಡುವೆ ಐದು ನಿಮಿಷ ಕೂರದವನು ಈ ನಗರವನ್ನು ಕಂಡವನೇ ಅಲ್ಲ!'

"ನನಗೆ ಏಳೂ ಬೇಡ ಕಣ್ರೀ. ಆ ಮರ ಒಂದು ಸಾಕು. ಹತ್ತೊಂಬತ್ತು ವರ್ಷದಿಂದ ಅದರ ಕೆಳಗೆ ಎಲ್ಲರನ್ನೂ ಕೂರಿಸಿದ್ದೀರಿ, ನನ್ನೊಬ್ಬಳನ್ನ ಬಿಟ್ಟು."

ಈ ಮಾತು ನಾಟಿತು. ರಜೆ ಹಾಕಿದ್ದಾಯಿತು.

"ಒಬ್ಬ ಗೈಡನ್ನ ಗೊತ್ತು ಮಾಡ್ಕೊಡ್ತೀನಿ ಅಂದಿದ್ದಾನೆ ನನ್ನ ತಮ್ಮ" ಎಂದು ಆಕೆ ಅಂದದ್ದಕ್ಕೇ ಮೇಲೆ ಹೇಳಿದ ಗುಡುಗು. ಅದು ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ.

"ನನ್ನ ಲೇಖನದಲ್ಲಿ ಒಂದೇ ಒಂದು ತಪ್ಪು ತೋರಿಸು! ಈ ಪೆನ್ನನ್ನ ನಿನ್ನ ಕೈಗೆ ಕೊಟ್ಟುಬಿಡ್ತೀನಿ! ಮುಂದಿನ ವರ್ಷದಿಂದ ನೀನೇ ಬರಿ!"

"ಮಾತು ಕೊಟ್ರಿ ತಾನೇ?"

"ಕೊಟ್ಟೆ!"

ಮೊದಲನೇ ಜಾಗ, ಪಡುವಣ ಕೋಟೆ ಬಾಗಿಲ ಬುರುಜು. 'ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿ ನಿಂತರೆ ನದಿಯ ಮೇಲಿನ ಸೂರ್ಯೋದಯ ನಿಮ್ಮದು!' ಬೆಳಕು ಹರಿಯುವ ಮುಂಚೆಯೇ ಇಬ್ಬರೂ ಏದುಸಿರು ಬಿಡುತ್ತ ಹತ್ತಿದರು. ಹೆಂಡತಿ ಎಣಿಸುತ್ತಲೇ ಬಂದರು. ಇನ್ನೂರ ಹತ್ತೊಂಬತ್ತು.

"ಏಳು ಜಾಸ್ತಿ ಇದೆಯಲ್ರೀ."

"ಆಮೇಲೆ ಸೇರಿಸಿದ್ದಾರೆ!"

"ಅಲ್ಲಾ, ಪಡುವಣ ಬಾಗಿಲು ಅಂದ್ರೆ ಪಶ್ಚಿಮಕ್ಕೆ ಇರೋದಲ್ವಾ? ಅಲ್ಲಿ ಸೂರ್ಯ ಹ್ಯಾಗೆ..."

"ಇತಿಹಾಸದ ವಿಷಯಕ್ಕೆಲ್ಲ ಬಾಯಿ ಹಾಕ್ಬೇಡ!"

ಮೇಲೆ ಹೋಗಿ ನೋಡಿದರೆ ಆಗಲೇ ಹನ್ನೊಂದು ಮಂದಿ ಕೈಯಲ್ಲಿ ಪತ್ರಿಕೆಯ ತುಂಡು ಹಿಡಿದು, ಪಡುವಣಕ್ಕೆ ಮುಖ ಮಾಡಿ ಭಕ್ತಿಯಿಂದ ನಿಂತಿದ್ದಾರೆ! ಲೋಕಸಂಚಾರಿಯವರೂ ಎದೆಯುಬ್ಬಿಸಿ ಸಾಲಿನಲ್ಲಿ ನಿಂತರು. ಸೂರ್ಯ ಬಂದ. ಹಿಂದಿನಿಂದ ಬಂದ. ಎಲ್ಲರ ಬೆನ್ನೂ, ಲೋಕಸಂಚಾರಿಯವರ ಬೋಳು ತಲೆಯೂ ಬೆಚ್ಚಗಾದವು.

ಬುರುಜಿನ ಕಾವಲುಗಾರ ಆಕಳಿಸುತ್ತ ಬಂದ. "ಪ್ರತಿ ವರ್ಷ ಈ ಕಾಲಕ್ಕೆ ಹೀಗೇ ಒಂದಷ್ಟು ಜನ ಬೆಳಗಿಗೆ ಬೆನ್ನು ತಿರುಗಿಸಿ ನಿಲ್ತಾರೆ ಸ್ವಾಮಿ. ಮೊದಮೊದಲು ಇದ್ಯಾವುದೋ ಹೊಸ ಪಂಥ ಅಂದ್ಕೊಂಡಿದ್ದೆ."

ಹೆಂಡತಿ ಕೈ ಚಾಚಿದರು.

"ಏನು?"

"ಪೆನ್ನು."

"ಛೆ ಛೆ! ಸೂರ್ಯೋದಯ ಆಯ್ತೋ ಇಲ್ವೋ? ಆಯ್ತು! ನೀನು ತಿರುಗಿ ನೋಡ್ಲಿಲ್ಲ ಅಂದ್ರೆ ಅದು ಲೇಖನದ ತಪ್ಪಾ? ಕೋಟೆಯನ್ನ ಊರಿನ ಈ ಕಡೆ ಕಟ್ಟಿದ್ದೇ ತಪ್ಪು. ಲೇಖನ ಸರಿಯಾಗೇ ಇದೆ!"

ಎರಡನೇ ಜಾಗ, ಕಲ್ಲು ಹಾಸಿನ ಓಣಿಯ ಮುನ್ನೂರು ವರ್ಷದ ಬ್ರೆಡ್ಡಿನ ಭಟ್ಟಿ. 'ಹತ್ತು ಗಂಟೆಗೆ ಸರಿಯಾಗಿ ಹೋಗಿ, ಬಾಗಿಲ ಬಳಿ ಬೆಂಚಿನ ಮೇಲೆ ಕೂತು ಬಾಯಿ ಚಪ್ಪರಿಸಿ!' ಹತ್ತು ಗಂಟೆಗೆ ಸರಿಯಾಗಿ ಹೋದರು. ಬಾಗಿಲೂ ಇತ್ತು, ಬೆಂಚೂ ಇತ್ತು. ಬೆಂಚಿನ ಮೇಲೆ ಮೂವರು ಕೆನ್ನೆ ಹಿಡಿದುಕೊಂಡು ಕೂತಿದ್ದರು. ಒಳಗಿಂದ ಬರುತ್ತಿದ್ದದ್ದು ಬ್ರೆಡ್ಡಿನ ಪರಿಮಳವಲ್ಲ, ಲವಂಗದೆಣ್ಣೆಯ ಘಾಟು.

"ರೀ, ಇದು ಹಲ್ಲಿನ ಡಾಕ್ಟರ ಶಾಪು."

"ಇರಬಹುದು. ಒಳಗಡೆ ಭಟ್ಟಿ ಇದ್ದೇ ಇರುತ್ತೆ!" ಎಂದವರೇ ಲೋಕಸಂಚಾರಿಯವರು ಪರದೆ ಸರಿಸಿ ನುಗ್ಗಿದರು.

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. "ಬ್ರೆಡ್ಡಿಗೆ ಬಂದ್ರಾ? ಒಂಬತ್ತು ವರ್ಷ ಆಯ್ತು ಭಟ್ಟಿ ಮುಚ್ಚಿ. ಆ ಲೋಕಸಂಚಾರಿ ಅನ್ನೋ ಪುಣ್ಯಾತ್ಮ ಇನ್ನೂ ಜನರನ್ನ ಕಳಿಸ್ತಾನೇ ಇದ್ದಾನೆ!"

ಪರದೆಯಾಚೆ ಹೆಂಡತಿ ಕಿವಿಗೊಟ್ಟು ನಿಂತಿದ್ದಾರೆ. ಹೌದು ಅಂದರೆ ಪೆನ್ನು ಹೋಯಿತು! ಲೋಕಸಂಚಾರಿಯವರು ಕೆನ್ನೆ ಮೇಲೆ ಕೈ ಇಟ್ಟುಕೊಂಡರು.

"ಬ್ರೆಡ್ಡಾ? ಯಾವ ಬ್ರೆಡ್ಡು? ನನಗೆ... ಹಲ್ಲು ನೋವು!"

"ಹಾಗಾದ್ರೆ ಕೂರಿ. ಬಾಯಿ ತೆಗೀರಿ." ಡಾಕ್ಟರಮ್ಮ ಬಗ್ಗಿ ನೋಡಿ ಲೊಚಗುಟ್ಟಿದರು. "ಅಯ್ಯೋ, ದವಡೆ ಹಲ್ಲು ಪೂರ್ತಿ ಹುಳ ತಿಂದಿದೆ. ಇಷ್ಟು ದಿನ ಹ್ಯಾಗ್ರೀ ತಡ್ಕೊಂಡ್ರಿ?"

ತಡೆದುಕೊಳ್ಳಲು ಅದು ನೋಯುತ್ತಲೇ ಇರಲಿಲ್ಲ! ಆದರೆ ಹಟಕ್ಕೆ ಬಿದ್ದವನಿಗೆ ಹಲ್ಲು ಯಾವ ಲೆಕ್ಕ? ಕಾಲು ಗಂಟೆಯಲ್ಲಿ ಲೋಕಸಂಚಾರಿಯವರು ಒಂದು ಹಲ್ಲು ಕಮ್ಮಿ, ಒಂದು ಮುಷ್ಟಿ ಹತ್ತಿ ಜಾಸ್ತಿ ಆಗಿ ಆಚೆ ಬಂದರು.

"ಬ್ರೆಡ್ಡು ಹ್ಯಾಗಿತ್ತು?" ಎಂದರು ಹೆಂಡತಿ.

"ಹೇಹನ ಹರಿ!" ಎಂದರು ಇವರು. 'ಲೇಖನ ಸರಿ' ಎಂದು ಅದರ ಅರ್ಥ. ಹತ್ತೊಂಬತ್ತು ವರ್ಷ ಅವರ ಕೈಬರಹ ಓದಿದ ಹೆಂಡತಿಗೆ ಇದನ್ನು ಬಿಡಿಸಿಕೊಳ್ಳುವುದು ಕಷ್ಟವಾಗಲಿಲ್ಲ.

"ಸರಿ, ಮಿಕ್ಕಿದ್ದೆಲ್ಲ ಹಾಳಾಗ್ಲಿ. ನಡೀರಿ ಮರಕ್ಕೆ."

ಚೌಕದ ಕಡೆ ಹೋಗುವಾಗ ಹೆಂಡತಿಯ ಕಾಲು ನೆಲದ ಮೇಲಿರಲಿಲ್ಲ. ಕನ್ನಡಿ ಇಲ್ಲದೆಯೇ ತಲೆ ಸರಿಮಾಡಿಕೊಂಡರು. "ಮೊದಲು ಐದು ನಿಮಿಷ ಮಾತಾಡದೆ ಕೂರೋಣ" ಎಂದರು. ಲೋಕಸಂಚಾರಿಯವರು ಮಾತ್ರ ಮೊದಲ ಬಾರಿಗೆ, ಪೆನ್ನು ಹೋದರೆ ಹೋಗಲಿ, ಮರ ಒಂದು ಇದ್ದುಬಿಡಲಿ ಎಂದು ಒಳಗೊಳಗೇ ಅಂದುಕೊಂಡರು.

ಮರ ಇರಲಿಲ್ಲ. ಮೊಣಕಾಲೆತ್ತರದ ಒಂದು ಬೊಡ್ಡೆ ಇತ್ತು. ಅದರ ಮೇಲೆ ಒಂದು ಸ್ಟೋವು, ಸ್ಟೋವಿನ ಹಿಂದೆ ಚಹಾದ ಹೆಂಗಸು, ಅವಳ ತಲೆಯ ಮೇಲೆ ಒಂದು ಬೋರ್ಡು: 'ಮರ ಎಲ್ಲಿ ಎಂದು ಕೇಳಬಾರದು.'

"ಕೇಳ್ಲಿಲ್ಲಮ್ಮ" ಎಂದರು ಹೆಂಡತಿ. ದನಿ ಸಣ್ಣಗಾಗಿತ್ತು.

"ಬಿರುಗಾಳಿಗೆ ಬಿದ್ದು ಹನ್ನೆರಡು ವರ್ಷ ಆಯ್ತು ತಾಯೀ. ಚಹಾ ಕಾಯಿಸ್ಲೋ, ಬಂದೋರಿಗೆಲ್ಲ ಸಮಾಧಾನ ಹೇಳ್ಲೋ? ಆ ಲೋಕಸಂಚಾರಿ ಒಂದ್ಸಲ ನನ್ನ ಕೈಗೆ ಸಿಗ್ಬೇಕು!"

ಹೆಂಡತಿ ಪೆನ್ನು ಕೇಳಲಿಲ್ಲ. ಬೈಯಲೂ ಇಲ್ಲ. ಬೊಡ್ಡೆಯ ಪಕ್ಕದ ಕಲ್ಲು ಬೆಂಚಿನ ಮೇಲೆ, ಕೈಚೀಲ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತರು.

"ಕೆಳಗೆ ಕೂರೋಕೆ ಅಂತ ಬಂದೆ. ಮರ ಇಲ್ದಿದ್ರೂ ಕೆಳಗೆ ಅನ್ನೋದು ಇದೆಯಲ್ಲ. ಐದು ನಿಮಿಷ ಕೂತು ಎದ್ದೇಳ್ತೀನಿ."

ಬೈದಿದ್ದರೆ ಲೋಕಸಂಚಾರಿಯವರು ನೂರು ಉತ್ತರ ಕೊಡುತ್ತಿದ್ದರು. ಹತ್ತೊಂಬತ್ತು ವರ್ಷ ದುಂಡಗೆ ಬರೆದು ಬರೆದು ಇವಳೊಬ್ಬಳೇ ಅಲ್ಲವೇ ತನ್ನ ಲೇಖನವನ್ನು ಪೂರ್ತಿ ನಂಬಿದವಳು! ಆದರೆ ಹಾಗಂತ ಸೋತರೆ ಅವರು ಲೋಕಸಂಚಾರಿ ಹೇಗಾದಾರು? ಎಲೆ ಉದುರಬೇಕು ಎಂದು ಬರೆದಿದೆಯೋ ಇಲ್ಲವೋ? ಬರೆದ ಮೇಲೆ ಉದುರಲೇಬೇಕು!

ಚೌಕದ ಆಚೆ ಮಗ್ಗುಲಿಗೆ, ಬೀದಿ ಗುಡಿಸುವವನು ಬೆಳಗಿನಿಂದ ಗುಡಿಸಿ ಗುಡಿಸಿ ಹಳದಿ ಎಲೆಯ ಒಂದು ಗುಡ್ಡೆಯನ್ನೇ ಹಾಕಿದ್ದ. ಲೋಕಸಂಚಾರಿಯವರು ಕೋಟು ಬಿಚ್ಚಿ, ಅದರ ತುಂಬ ಎಲೆ ಬಾಚಿಕೊಂಡು ಓಡಿ ಬಂದರು. ಬೊಡ್ಡೆಯ ಮೇಲೆ ಹತ್ತಿ, ಸ್ಟೋವಿನ ಪಕ್ಕ ಕಾಲೂರಿ, ಹೆಂಡತಿಯ ತಲೆಯ ಮೇಲೆ ಕೊಡವಿದರು.

"ಹೋಡು! ಹೆಲೆ ಉಹುರ್ತಿಹೆ! ಹೇಹನ ಹರಿ!"

ಎಲೆ ಉದುರಿತು. ಹೆಂಡತಿಯ ತಲೆ, ಹೆಗಲು, ಮಡಿಲು, ಚಹಾದ ಪಾತ್ರೆ ಎಲ್ಲದರ ಮೇಲೂ ಉದುರಿತು. ಎರಡು ಸಿಗರೇಟು ತುಂಡೂ, ಒಂದು ಒಂಟಿ ಕಾಲುಚೀಲವೂ ಉದುರಿದವು. ಗುಡಿಸುವವನು ಪೊರಕೆ ಎತ್ತಿಕೊಂಡು ಬೊಬ್ಬೆ ಹೊಡೆಯುತ್ತ ಓಡಿ ಬಂದ. ಚಹಾದ ಹೆಂಗಸು ಸೌಟು ಎತ್ತಿದಳು.

"ಯಾರಮ್ಮ ಈ ಹುಚ್ಚ?"

ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಕಿವಿಯ ಮೇಲಿನ ಎಲೆ ತೆಗೆಯಲೂ ಇಲ್ಲ. "ನಮ್ಮೆಜಮಾನ್ರು. ಇವ್ರೇ ನಿಮ್ಮ ಲೋಕಸಂಚಾರಿ!"

ಚಹಾದ ಹೆಂಗಸು ಅಡಿಯಿಂದ ಮುಡಿಯವರೆಗೆ ನೋಡಿದಳು. ಊದಿದ ಕೆನ್ನೆ, ಬಾಯಿ ತುಂಬ ಹತ್ತಿ, ಎಲೆ ಮೆತ್ತಿದ ಬೋಳು ತಲೆ. ಹನ್ನೆರಡು ವರ್ಷದ ಸಿಟ್ಟು ಸರ್ರನೆ ಇಳಿಯಿತು. "ಇವ್ರಾ? ಪಾಪ, ಇವ್ರಿಗೆ ಮಾತೂ ಬರಲ್ವಾ?"

ಗುಡಿಸುವವನಿಗೆ ಅಷ್ಟು ಕರುಣೆ ಇರಲಿಲ್ಲ. ಪೊರಕೆಯನ್ನು ಲೋಕಸಂಚಾರಿಯವರ ಬಲಗೈಗೆ ಕೊಟ್ಟ. ಹೆಂಡತಿ ಗಂಡನ ಜೇಬಿನಿಂದ ಪೆನ್ನು ತೆಗೆದುಕೊಂಡರು. ಇಡೀ ಚೌಕ ನೋಡುತ್ತಿರಲು ಲೋಕಸಂಚಾರಿಯವರು ಎಲೆ ಗುಡಿಸಿದರು. ಐದು ನಿಮಿಷ ಅಂದಿದ್ದ ಹೆಂಡತಿ ಅದು ಮುಗಿಯುವ ತನಕ ಬೆಂಚು ಬಿಟ್ಟು ಏಳಲಿಲ್ಲ.

ಮರುವರ್ಷದ ವಿಶೇಷ ಸಂಚಿಕೆಯಲ್ಲಿ ಲೇಖನ ಬಂತು. ಕೆಳಗೆ ಹೆಂಡತಿಯ ಹೆಸರು. ಲೋಕಸಂಚಾರಿಯವರು ಕೆಂಪು ಪೆನ್ಸಿಲು ಹಿಡಿದು ಕೂತರು. ಒಂದೇ ಒಂದು ತಪ್ಪು ಸಿಗಲಿ, ಪೆನ್ನು ವಾಪಸ್ಸು! ಮೊದಲನೇ ಜಾಗ, ಪಡುವಣ ಬಾಗಿಲು: ಇನ್ನೂರ ಹತ್ತೊಂಬತ್ತು ಮೆಟ್ಟಿಲು, ಸಂಜೆ ಹೋಗಿ. ತಪ್ಪಿಲ್ಲ. ಕೊನೆಯ ಜಾಗ, ಚೌಕದ ಬೆಂಚು: ಮರ ಇಲ್ಲ, ಆದರೂ ಕೂರಿ, ಎಲೆ ಉದುರಿಸುವವರನ್ನು ಮನೆಯಿಂದಲೇ ಕರೆದುಕೊಂಡು ಹೋಗಿ. ಅಲ್ಲೂ ಪೆನ್ಸಿಲು ಏಳಲಿಲ್ಲ.

"ತಪ್ಪು ಸಿಕ್ತೇನ್ರೀ?" ಎಂದು ಒಳಗಿಂದ ಕೂಗಿದರು ಹೆಂಡತಿ.

"ಇರು, ಎರಡನೇದು ಇನ್ನೂ ಓದಿಲ್ಲ! ಸಿಕ್ಕೇ ಸಿಗುತ್ತೆ!"

ಓದಿದರು. ಪೆನ್ಸಿಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ನಾಲಿಗೆ ತಾನಾಗಿ ದವಡೆಯ ಖಾಲಿ ಜಾಗಕ್ಕೆ ಹೋಯಿತು.

'ಎರಡು: ಕಲ್ಲು ಹಾಸಿನ ಓಣಿಯ ಹಲ್ಲಿನ ಡಾಕ್ಟರು. ಬಹಳ ಚೆನ್ನಾಗಿ ಕೀಳುತ್ತಾರೆ. ಇಪ್ಪತ್ತು ವರ್ಷಗಳಲ್ಲಿ ಲೋಕಸಂಚಾರಿಯವರು ಖುದ್ದಾಗಿ ಹೋಗಿ, ಪರೀಕ್ಷಿಸಿ ಶಿಫಾರಸು ಮಾಡುತ್ತಿರುವ ಒಂದೇ ಒಂದು ಜಾಗ!'