ಹರಿಹರಕ್ಕೆ ಮಾವನ ಕಾಲ್ನಡಿಗೆ ಸರ್ವಿಸ್

ಹರಿಹರೇಶ್ವರ ದೇವಸ್ಥಾನದ ಇತಿಹಾಸ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹೊಯ್ಸಳರ ಕಾಲದ ಊರನ್ನು ಬಸ್ಸಿನ ಹಾಗೆ ಓಡಿಸಬಲ್ಲವರು ನನ್ನ ಸೋದರಮಾವ ಒಬ್ಬರೇ! ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ದಾವಣಗೆರೆ–ಹರಿಹರ ಖಾಸಗಿ ಬಸ್ಸಿನಲ್ಲಿ ಮೂವತ್ತೈದು ವರ್ಷ ಕಂಡಕ್ಟರ್. ದಿನಕ್ಕೆ ಆರು ಸಲ ಹರಿಹರ ಮುಟ್ಟಿದರೂ ಸ್ಟ್ಯಾಂಡಿನ ಟೀ ಅಂಗಡಿಯಿಂದ ಆಚೆಗೆ ಅವರಿಗೆ ಊರೇ ಗೊತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಒಂದು ದಿನ ಪ್ಯಾಸೆಂಜರ್ ಆಗಿ ಹೋಗಿ, ನಿಧಾನಕ್ಕೆ ದೇವಸ್ಥಾನ ನೋಡಿಕೊಂಡು ಬಂದರು. ಇಷ್ಟು ಚೆಂದ ಇದೆ ಅಂತ ಯಾರೂ ಹೇಳಲೇ ಇಲ್ಲವಲ್ಲ ಎಂದು ನಮ್ಮ ಮೇಲೆಯೇ ರೇಗಿದರು. ಅವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಸಿಕ್ಕವರನ್ನೆಲ್ಲ ಕಟ್ಟಿಕೊಂಡು ನಡೆಸಿಯೇ ಹರಿಹರ ತೋರಿಸುತ್ತಾರೆ.

ಪುಕ್ಕಟೆ, ಆದರೆ ಟಿಕೆಟ್ ಕಡ್ಡಾಯ! ಹಳೇ ಟಿಕೆಟ್ಟಿನ ಕಟ್ಟುಗಳು ಇನ್ನೂ ಚರ್ಮದ ಚೀಲದಲ್ಲಿವೆ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಒಂದೊಂದು ಹರಿದು ಕೊಟ್ಟು, ತಲೆ ಎಣಿಸಿ, ಎರಡು ಸಲ ಸೀಟಿ ಊದಿದರೆ ನಾವು ಹೊರಟೆವು ಅಂತ ಅರ್ಥ. ಒಂದು ಸಲ ಊದಿದರೆ ಸ್ಟಾಪು. ಫಳಫಳ ಹೊಳೆಯುವ ಕಂಬಗಳ ಮಂಟಪಕ್ಕೆ ಕಾಲಿಟ್ಟು ಬೆರಗಾಗಿ ನಿಂತವರ ಬೆನ್ನ ಹಿಂದಿನಿಂದ, ಮುಂದೆ ಹೋಗ್ರಿ, ಒಳಗೆ ಜಾಗ ಐತೆ ಅನ್ನುವ ಕೂಗು ಬರುತ್ತದೆ. ಆ ಮಂಟಪ ಕಟ್ಟಿಸಿದವರು ಕೇಳಿಸಿಕೊಂಡಿದ್ದರೆ ಏನಂದುಕೊಳ್ಳುತ್ತಿದ್ದರೋ!

ಒಮ್ಮೆ ಕಾಲೇಜಿನ ಇತಿಹಾಸದ ಮೇಷ್ಟ್ರೊಬ್ಬರು ಬಂದಿದ್ದರು. ಅಂಗಳದ ಶಾಸನದ ಕಲ್ಲಿನ ಮುಂದೆ ಕನ್ನಡಕ ಏರಿಸಿಕೊಂಡು ಕೂತೇಬಿಟ್ಟರು. ಮಾವ ಗಡಿಯಾರ ನೋಡಿ, “ಇಲ್ಲಿ ಐದೇ ನಿಮಿಷ ಸ್ಟಾಪು ಸಾರ್. ಉಳಿದದ್ದು ಮುಂದಿನ ವಾರ ಓದ್ರಿ” ಅಂದರು. ಮೇಷ್ಟ್ರು ಸಿಟ್ಟಾಗಿ ಹೋದರು. ಮುಂದಿನ ವಾರ ಎಲ್ಲರಿಗಿಂತ ಮೊದಲೇ ಬಂದು ಟಿಕೆಟ್ಟಿಗೆ ಕೈ ಚಾಚಿದರು.

ಇನ್ನು ಎಣಿಕೆಯ ಹುಚ್ಚು. ಪ್ರತಿ ಸ್ಟಾಪಿನಲ್ಲೂ ತಲೆ ಮತ್ತು ಟಿಕೆಟ್ ತಾಳೆಯಾಗಲೇಬೇಕು. ಒಂದು ಸಲ ತಲೆ ಒಂದು ಜಾಸ್ತಿ ಬಂತು. ಎಲ್ಲರ ಟಿಕೆಟ್ ಚೆಕ್ ಆಯಿತು. ನೋಡಿದರೆ, ಉಕ್ಕಡಗಾತ್ರಿ ಕ್ಷೇತ್ರಕ್ಕೆ ಹೊರಟಿದ್ದ ಅಜ್ಜ ಒಬ್ಬರು ಇಲ್ಲಿಗೂ ಕೈಮುಗಿದು ಹೋಗೋಣ ಅಂತ ಬಂದು ನಮ್ಮ ಸಾಲಿನಲ್ಲಿ ಸೇರಿಕೊಂಡಿದ್ದರು. ಅವರಿಗೂ ಒಂದು ಹರಿದು ಕೊಟ್ಟ ಮೇಲೆಯೇ ಮಾವ ಪ್ರದಕ್ಷಿಣೆಗೆ ಬಿಟ್ಟಿದ್ದು.

ಈ ಹುಚ್ಚಿಗೆ ಒಂದು ಹಿನ್ನೆಲೆ ಇದೆ. ನಮ್ಮ ಮನೆತನದಲ್ಲಿ ಅದನ್ನು ಕೇಳದೆ ಬೆಳೆದವರಿಲ್ಲ. ಮದುವೆಯಾದ ಹೊಸದರಲ್ಲಿ ಮಾವ ಅತ್ತೆಯನ್ನು ತಮ್ಮದೇ ಬಸ್ಸಿನಲ್ಲಿ ಹರಿಹರಕ್ಕೆ ಕರೆದೊಯ್ದರು. ಅತ್ತೆ ಒಬ್ಬರೇ ದೇವಸ್ಥಾನಕ್ಕೆ ಹೋದರು. ಹೊರಡುವ ಹೊತ್ತಿಗೆ ಮಾವ ತಲೆ ಎಣಿಸಿದರು, ಟಿಕೆಟ್ಟಿಗೆ ತಾಳೆಯಾಯಿತು, ಸೀಟಿ ಊದಿದರು. ದಾವಣಗೆರೆ ಮುಟ್ಟಿದ ಮೇಲೆ ಡ್ರೈವರ್, ಹೊಸ ಮದುಮಗಳು ಎಲ್ಲಪ್ಪಾ ಅಂತ ಕೇಳಿದರೆ, “ಲೆಕ್ಕ ಸರಿ ಐತಲ್ಲ” ಅಂದರಂತೆ!

ಮುಂದಿನ ಟ್ರಿಪ್ಪಿನಲ್ಲಿ ಬಂದು, ಕಂಡವರನ್ನೆಲ್ಲ ದಾರಿ ಕೇಳುತ್ತಾ ಎದ್ದೆನೋ ಬಿದ್ದೆನೋ ಅಂತ ಓಡಿದಾಗ ಅತ್ತೆ ದೇವಸ್ಥಾನದ ಬಾಗಿಲಲ್ಲೇ ಕೂತಿದ್ದರು. ಅಷ್ಟಕ್ಕೇ ಮಾವ ತಪ್ಪಾಯ್ತು ಅಂದಿದ್ದರೆ ಮುಗಿಯುತ್ತಿತ್ತು. ಅವರು ಅಂದಿದ್ದು, “ನಿಂಗೆ ಟಿಕೆಟ್ ಹರಿದಿರ್ಲಿಲ್ಲ, ಅದಕ್ಕೇ ಲೆಕ್ಕಕ್ಕೆ ಬರ್ಲಿಲ್ಲ ನೀನು.” ಬಿಟ್ಟು ಹೋದದ್ದನ್ನು ಅತ್ತೆ ಅವತ್ತೇ ಕ್ಷಮಿಸಿದರು. ಈ ಮಾತನ್ನು ಕ್ಷಮಿಸಲಿಲ್ಲ. ಆಮೇಲೆ ಹರಿಹರದಲ್ಲಿ ಅವರು ಕಾಲಿಡಲಿಲ್ಲ. ಹರಿಹರದ ಮೇಲೆ ಹಾವೇರಿಗೆ ಹೋಗುವಾಗಲೂ ಬಸ್ಸು ಹೊಳೆ ದಾಟುವವರೆಗೆ ಮುಖದ ಮೇಲೆ ಸೆರಗು!

ಮಾವ ಸೋಲೊಪ್ಪಿಕೊಳ್ಳುವವರಲ್ಲ. ನಡಿಗೆ ಶುರುವಾದ ಮೊದಲ ಭಾನುವಾರವೇ ಅಡುಗೆಮನೆಯ ಉಪ್ಪಿನ ಭರಣಿಯ ಕೆಳಗೆ ಒಂದು ಟಿಕೆಟ್ ಇಟ್ಟರು. ಬಾ ಅಂತ ಬಾಯಿಬಿಟ್ಟು ಕರೆಯಲಿಲ್ಲ. ಪ್ರತಿ ವಾರ ವಾಪಸ್ ಬಂದವರೇ ಚಪ್ಪಲಿ ಬಿಟ್ಟು ಸೀದಾ ಹೋಗಿ ಭರಣಿ ಎತ್ತಿ ನೋಡುತ್ತಿದ್ದರು. ಟಿಕೆಟ್ ಅಲ್ಲೇ ಇರುತ್ತಿತ್ತು. ನಾವೆಲ್ಲ ಮುಸಿಮುಸಿ ನಗುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಡಾಕ್ಟರು ಮಾವನ ಮಂಡಿ ನೋಡಿ, ಇನ್ನು ಈ ತಿರುಗಾಟ ಸಾಕು ಅಂದರು. ಬರುವ ಭಾನುವಾರ ಲಾಸ್ಟ್ ಟ್ರಿಪ್ ಅಂತ ಮಾವ ಊಟಕ್ಕೆ ಕೂತಾಗ ಹೇಳಿದರು. ಅತ್ತೆ ಸಾರು ಬಡಿಸಿದರು.

ಆ ಭಾನುವಾರ ನಾನೂ ಹೋಗಿದ್ದೆ. ಹರಿಹರದ ಸ್ಟ್ಯಾಂಡಿನಲ್ಲಿ ಹರಿದದ್ದು ಹನ್ನೊಂದು ಟಿಕೆಟ್. ದೇವಸ್ಥಾನದ ಬಾಗಿಲಿಗೆ ಬಂದು ಎಣಿಸಿದರೆ ಹನ್ನೆರಡು ತಲೆ. ಮಾವ ಗೊಣಗುತ್ತಾ ಮತ್ತೆ ಎಣಿಸಿದರು. ಮತ್ತೂ ಹನ್ನೆರಡು. ಮೇಷ್ಟ್ರನ್ನು ಸರಿಸಿ ಹಿಂದೆ ನೋಡಿದರೆ, ಸಾಲಿನ ಕೊನೆಯಲ್ಲಿ ಅತ್ತೆ. ನಮ್ಮ ಹಿಂದಿನ ಬಸ್ಸಿಗೆ ಒಬ್ಬರೇ ಬಂದಿದ್ದರು.

ಮಾವನ ಕೈ ಅಭ್ಯಾಸಬಲದಿಂದ ಚೀಲಕ್ಕೆ ಹೋಯಿತು. ಅತ್ತೆ ಬೇಡವೆಂದು ತಲೆಯಾಡಿಸಿ, ಸೊಂಟದಿಂದ ಭರಣಿಯ ಉಪ್ಪುನೀರಿಗೆ ಮೆತ್ತಗಾಗಿದ್ದ ಚೀಟಿ ತೆಗೆದು ಮುಂದೆ ಹಿಡಿದರು.

“ಟಿಕೆಟ್ ಐತ್ರಿ ನನ್ನತ್ರ. ಈ ಸಲ ಎಣಿಸ್ಕೊಳ್ರಿ.”

ಮಾವ ಎಣಿಸಲಿಲ್ಲ. ಸಾಲಿನ ಹಿಂದಕ್ಕೆ ಹೋಗಿ ಅತ್ತೆಯ ಪಕ್ಕ ನಿಂತು ಸೀಟಿ ಬಾಯಿಗಿಟ್ಟರು. ಊದಲು ಉಸಿರು ಬರಲಿಲ್ಲ. ನಾವು ಹನ್ನೊಂದು ಜನ ಅತ್ತಿತ್ತ ನೋಡುತ್ತಾ ಕಾಯುತ್ತಿದ್ದೆವು. ಕೊನೆಗೆ ಅತ್ತೆಯೇ ಅವರ ತೋಳು ಹಿಡಿದುಕೊಂಡು ಮೆಲ್ಲಗೆ, “ರೈಟ್” ಅಂದರು.