ಸೈಕಲ್ ಟ್ಯೂಬು ಮತ್ತು ತವರಿನ ಚೆಂಬು

ಪಾಠ ಹೇಳುವವನಿಗೆ, ತಾನು ಹೇಳಿದ್ದು ತನ್ನ ಮೈಗೂ ತಿಳಿದಿದೆ ಎಂಬ ಭ್ರಮೆ ಇರುತ್ತದೆ. ನನಗಂತೂ ಅದು ಧಾರಾಳವಾಗಿತ್ತು. ಎಂಬತ್ತರ ದಶಕದಲ್ಲಿ ಮಾನ್ವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನುಷ್ಯ ಮಲವನ್ನು ಹೇಗೆ ತಡೆದುಕೊಳ್ಳುತ್ತಾನೆ ಎಂದು ತೋರಿಸಲು ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಮಾದರಿ ಮಾಡಿದ್ದೆ. ಕೆಳಬಾಯಿಗೆ ಬರೀ ರಬ್ಬರ್ ಬಳೆ ಹಾಕಿ ನೀರು ಸುರಿದರೆ ಸೋರುತ್ತಿತ್ತು. ಬಳೆಯ ಮೇಲೆ ನನ್ನ ಪೈಜಾಮದ ಲಾಡಿ ಸುತ್ತಿ ಮುಂದಕ್ಕೆ ಎಳೆದರೆ ಟ್ಯೂಬು ಬಾಗಿ, ಒಂದು ಹನಿಯೂ ಬೀಳುತ್ತಿರಲಿಲ್ಲ. ನಮ್ಮೊಳಗೂ ಹೀಗೇ, ಬಳೆಯಂಥ ಸ್ನಾಯುವಿನ ಜೊತೆ ಲಾಡಿಯಂಥ ಇನ್ನೊಂದು ಸ್ನಾಯು ಕರುಳನ್ನು ಬಾಗಿಸಿ ಹಿಡಿದಿರುತ್ತದೆ.

ರಾಯಚೂರಿನ ವಿಜ್ಞಾನ ಪ್ರದರ್ಶನಕ್ಕೆ ಹೊರಟಾಗ, ನೀರು ಸುರಿಯಲು ಹೆಂಡತಿ ದೇವದುರ್ಗದ ತವರಿನಿಂದ ತಂದಿದ್ದ ಹಿತ್ತಾಳೆ ಚೆಂಬು ಕೊಟ್ಟಳು. "ನಮ್ಮವ್ವ ಕೊಟ್ಟದ್ದು ಅದರೀ. ಕುಡಿಯೋ ನೀರಿಂದು. ಮೈಲಿಗಿ ಆಗದಂಗ ತರ್ರಿ" ಅಂದಳು. ನಾನು ವಿಜ್ಞಾನದವನ ಗತ್ತಿನಲ್ಲಿ ನಕ್ಕೆ. ಬಹುಮಾನ ನನ್ನದೇ ಎಂಬ ಹುಮ್ಮಸ್ಸಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ವಗ್ಗರಣಿ ಜೊತೆ ಐದು ಮಿರ್ಚಿ ಭಜಿಯನ್ನೂ ತಿಂದೆ.

ಬಹುಮಾನ ಕೊಡುವ ಸಾಹೇಬರು ಎರಡು ಮೇಜಿನಾಚೆ ಇದ್ದಾಗ ಮಿರ್ಚಿ ತನ್ನ ಕೆಲಸ ಶುರು ಮಾಡಿತು. ಬಳೆ, ಲಾಡಿ ಎಂದು ಮನಸ್ಸಿನಲ್ಲೇ ಜಪಿಸಿದೆ. ಎರಡೂ ಕೈಕೊಡುವ ಹಾಗಿದ್ದವು. ಹಿಂದಿನ ಬಯಲಿಗೆ ಓಡಬೇಕು, ನೀರಿಲ್ಲದೆ ಹೋಗುವಂತಿಲ್ಲ, ಸುತ್ತ ತುಂಬಿದ ಪಾತ್ರೆ ಇದ್ದದ್ದು ಆ ಚೆಂಬೊಂದೇ. ತೆಗೆದುಕೊಂಡು ಓಡಿದೆ.

ಬಂದು ನೋಡಿದರೆ ಸಾಹೇಬರು ನನ್ನ ಲಾಡಿ ಹಿಡಿದು ನಿಂತಿದ್ದರು.

"ಮಾಸ್ತರ, ಮಾದರಿ ಛಲೋ ಅದ. ನೀರು ಹಾಕಿ ತೋರಸ್ರಿ."

ನನ್ನ ಕೈಯ ಖಾಲಿ ಚೆಂಬು, ಒದ್ದೆ ಕಾಲು ಎರಡನ್ನೂ ನೋಡಿ, ಲಾಡಿಯನ್ನು ಮೆಲ್ಲಗೆ ಕೆಳಗಿಟ್ಟರು. "ಇರಲಿ ಬಿಡ್ರಿ, ತಿಳೀತು" ಎಂದು ಮುಂದಿನ ಮೇಜಿಗೆ ಹೋದರು.

ಬಹುಮಾನ ಹೋದದ್ದಕ್ಕಿಂತ ಚೆಂಬಿನ ಚಿಂತೆ ದೊಡ್ಡದಾಯಿತು. ಬಯಲಿಗೆ ಹೋಗಿ ಬಂದ ಚೆಂಬು ಮತ್ತೆ ಅಡುಗೆಮನೆ ಸೇರುವುದುಂಟೆ? ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದೆ. ಹೇಳಬಾರದು ಎಂದು ಗಟ್ಟಿ ಮನಸ್ಸು ಮಾಡಿ ಮಾನ್ವಿಗೆ ಬಂದೆ. ಚೆಂಬು ಕಂಡು ಹೆಂಡತಿಗೆ ಖುಷಿಯೋ ಖುಷಿ.

"ಎಷ್ಟು ಬೆಳ್ಳಗ ತಿಕ್ಕೀರಿ" ಎಂದು ಊಟಕ್ಕೆ ಅದರಲ್ಲೇ ನೀರು ತಂದಿಟ್ಟು, ತನ್ನ ಲೋಟಕ್ಕೂ ಬಗ್ಗಿಸಿಕೊಂಡಳು. ಲೋಟ ಅವಳ ತುಟಿಯ ಹತ್ತಿರ ಹೋಯಿತು. ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಲೋಟ ಕೆಳಗಿಟ್ಟಳು. ಚೆಂಬು ಹಿತ್ತಲಿಗೆ ಹೋಯಿತು. ಅವ್ವ ಕೊಟ್ಟದ್ದು ಎಂದು ಅವಳು ಅತ್ತಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಒಂದು ಮಾತು: ಮನುಷ್ಯ ಹೇಗೆ ತಡೆದುಕೊಳ್ಳುತ್ತಾನೆಂದು ಊರಿಗೆಲ್ಲ ತೋರಿಸಲು ಹೊರಟ ನಾನು, ಆ ದಿನ ಬೆಳಗ್ಗೆಯಾಗಲಿ ಸಂಜೆಯಾಗಲಿ ಏನನ್ನೂ ತಡೆದುಕೊಳ್ಳಲಿಲ್ಲ.